ಚಕ್ಕುಬಂದಿಯೊಳಗಿನ ಮಂದಿ

ನಮ್ಮ ಹಿಂದಿನ ರಸ್ತೆಯ ಆ ಹೆಂಚಿನ ಮನೆಯೂ ಕೊನೆಗೆ ಬಿಲ್ಡರ್ ಕೈಗೆ ಹೋಯ್ತಂತೆ, ಕೇಳಿದ್ರಾ? ಅದೇ ರೀ, ಮುಂದೆ ಮರದ ಜಾಲರಿಯ ಮಂಕಿಟಾಪು, ಗೇಟಿನ ಪಕ್ಕ ಕೆಂಡಸಂಪಿಗೆ ಮರ ಇತ್ತಲ್ಲ, ಆ ಮನೆ. ಜಾಯಿಂಟ್ ವೆಂಚರ್ ಅಂತೆ. ಅರ್ಧ ಅರ್ಧ ಅಂತ ಹಾಲಿನ ಬೂತಿನ ಹತ್ತಿರ ಒಬ್ಬರು ಹೇಳಿದರೆ, ಇಲ್ಲ, ಮನೆಯವರಿಗೆ ಅರವತ್ತು, ಬಿಲ್ಡರಿಗೆ ನಲವತ್ತು, ಮೇಲೆ ಅಡ್ವಾನ್ಸು ಬೇರೆ ಅಂತ ಇಸ್ತ್ರಿಯವನು ಹೇಳ್ತಾನೆ. ಇಸ್ತ್ರಿಯವನ ಮಾತನ್ನೇ ನಂಬಬೇಕು. ಮಲ್ಲೇಶ್ವರದಲ್ಲಿ ಯಾವ ಮನೆ ಯಾವಾಗ ಬೀಳುತ್ತೆ ಅನ್ನೋದು ಮೊದಲು ಗೊತ್ತಾಗೋದೇ ಅವನಿಗೆ. ಬಟ್ಟೆ ಬರೋದು ನಿಂತಿತು ಅಂದ್ರೆ ಮನೆ ಖಾಲಿಯಾಯ್ತು ಅಂತ ಲೆಕ್ಕ, ಅಲ್ವಾ?

ಈಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಅಡಿಗೆ ಎಷ್ಟಂತೆ? ಉತ್ತರ ಒಬ್ಬರಿಂದ ಒಬ್ಬರಿಗೆ ದಾಟುವಾಗ ಏರ್ತಾ ಹೋಗುತ್ತೆ. ತರಕಾರಿ ಕೊಳ್ಳೋಕೆ ಎಂಟನೇ ಕ್ರಾಸಿಗೆ ಹೋಗಿ ಬರುವಷ್ಟರಲ್ಲಿ ಅದೇ ಮನೆಯ ರೇಟು ಎರಡು ಸಲ ಮೇಲೆ ಹೋಗಿರುತ್ತೆ. ಅದರಲ್ಲೂ ಅಳತೆಯ ಲೆಕ್ಕ ನೋಡಿ, ಎಷ್ಟು ಚೆಂದ ಇದೆ. ಸೈಟಾದರೆ ಅಡಿ. ಅದರ ಮೇಲೆ ಕಟ್ಟಿದ್ದಾದರೆ ಚದರ. ‘ಹನ್ನೆರಡು ಚದರ ಕಟ್ಟಿಸಿದ್ದೀವಿ’ ಅಂದ್ರೆ ಸಾವಿರದ ಇನ್ನೂರು ಚದರಡಿ ಅಂತ ಬೆಂಗಳೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಊರಾಚೆ ಹೋದರೆ ಗುಂಟೆ. ಒಂದು ಗುಂಟೆಗೆ 1,089 ಚದರಡಿ, ಅಂಥ ನಲವತ್ತು ಸೇರಿದರೆ ಎಕರೆ. ನಮ್ಮ ಮೂವತ್ತು ನಲವತ್ತರ ಸೈಟು ಒಂದು ಗುಂಟೆಗಿಂತ ಒಂಚೂರು ಹೆಚ್ಚು, ಅಷ್ಟೇ. ರಾಗಿ ಹೊಲ ಗುಂಟೆಯ ಲೆಕ್ಕದಲ್ಲಿ ಮಲಗಿರುತ್ತೆ, ಲೇಔಟ್ ಆಗಿ ಎದ್ದಾಗ ಅಡಿಯ ಲೆಕ್ಕಕ್ಕೆ ಬಂದಿರುತ್ತೆ. ರೈತ ಮಾರಿದ್ದು ಒಂದು ಅಳತೆಯಲ್ಲಿ, ನಾವು ಕೊಳ್ಳೋದು ಇನ್ನೊಂದು ಅಳತೆಯಲ್ಲಿ. ದುಡ್ಡು ಹುಟ್ಟೋದು ಆ ಎರಡರ ನಡುವೆ.

ಹಾಗಂತ ಮಲ್ಲೇಶ್ವರವೂ ಆಕಾಶದಿಂದ ಬಿದ್ದದ್ದಲ್ಲ. ಕಾಡುಮಲ್ಲೇಶ್ವರನ ಗುಡಿಯ ಹತ್ತಿರದ 1669ರ ಶಾಸನ ನಿಮಗೆ ಗೊತ್ತೇ ಇರುತ್ತೆ. ಶಿವಾಜಿಯ ಮಲತಮ್ಮ ಏಕೋಜಿ ಮೇದರನಿಂಗನಹಳ್ಳಿ ಅನ್ನೋ ಊರನ್ನು ಆ ಗುಡಿಯ ಮಲ್ಲಿಕಾರ್ಜುನನಿಗೆ ದತ್ತಿ ಬಿಟ್ಟದ್ದು ಅದರಲ್ಲಿದೆ. ಆಮೇಲೆ ಬೆಂಗಳೂರಿಗೆ ಬೆಂಗಳೂರೇ ಕಂಗೆಟ್ಟದ್ದು 1898ರ ಪ್ಲೇಗಿನಲ್ಲಿ. ಪೇಟೆಯ ಇಕ್ಕಟ್ಟಿನಲ್ಲಿ ಇಲಿ ಬಿದ್ದರೆ ಜನ ಬೀಳ್ತಿದ್ದ ಕಾಲ ಅದು. ಮಲ್ಲೇಶ್ವರಕ್ಕೂ ಬಸವನಗುಡಿಗೂ ಜನ ಹೋಗಿ ನೆಲೆಯೂರಿದ್ದು ಆ ಹೊಡೆತದ ಮೇಲೆ. ಅದಕ್ಕೇ ನೋಡಿ, ಇಲ್ಲಿ ರಸ್ತೆಗಳು ನೂಲು ಹಿಡಿದು ಎಳೆದಷ್ಟು ನೇರ. ಮನೆ ಮನೆ ನಡುವೆ ಗಾಳಿ ಆಡೋಕೆ ಜಾಗ, ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಉದ್ದಕ್ಕೆ ಸಂಪಿಗೆ ರಸ್ತೆ, ಅದರ ಜೊತೆಗೆ ಸಾಗುವ ಮಾರ್ಗೋಸಾ ರಸ್ತೆ. ಜನ ಆರೋಗ್ಯವಾಗಿ ಬದುಕಲಿ ಅಂತ ಬಿಟ್ಟ ಜಾಗ ಅದು. ಈಗ ಅದೇ ಜಾಗಕ್ಕೆ ಅಡಿಗಿಷ್ಟು ಅಂತ ಬೆಲೆ.

ಬೆಲೆಯ ಮಾತು ಹಾಗಿರಲಿ, ಪತ್ರದ ಮಾತಿಗೆ ಬರೋಣ. ಸೈಟು ನೋಡೋಕೆ ಬಂದವರಿಗೆ ಬ್ರೋಕರ್ ಹೇಳೋದು ಎರಡೇ ಮಾತು, ‘ಪಕ್ಕಾ ಡಾಕ್ಯುಮೆಂಟು ಸಾರ್, ಈಸ್ಟ್ ಫೇಸಿಂಗು’. ಆ ಪಕ್ಕಾ ಡಾಕ್ಯುಮೆಂಟು ಅಂದ್ರೆ ಒಂದು ದಪ್ಪ ಕಟ್ಟು. ತಾಯಿಪತ್ರ, ಕ್ರಯಪತ್ರ, ಇ.ಸಿ. ಅನ್ನೋ ಋಣಭಾರ ಪತ್ರ, ಖಾತೆ, ಕಂದಾಯ ಕಟ್ಟಿದ ರಸೀತಿಗಳು, ಮಧ್ಯೆ ಯಾವುದೋ ಕಾಲದ ವಿಭಾಗಪತ್ರ. ಖಾತೆಯಲ್ಲೂ ಎ, ಬಿ ಅಂತ ಎರಡು ಪಂಗಡ. ಹುಡುಗಿ ನೋಡೋಕೆ ಹೋದಾಗ ಕೇಳದಷ್ಟು ಪ್ರಶ್ನೆ ಖಾತೆ ನೋಡುವಾಗ ಕೇಳ್ತಾರೆ. ಕೇಳಲೇಬೇಕು ಬಿಡಿ, ಜನ್ಮದ ದುಡಿಮೆ ಹಾಕೋದು. 2024ರ ಅಕ್ಟೋಬರಿಂದ ಬೆಂಗಳೂರಲ್ಲಿ ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ನೇ ಇಲ್ಲ ಅಂತಾದ ಮೇಲೆ ಎಲ್ಲರ ಮನೆಯ ಬೀರು ಒಂದ್ಸಲ ಖಾಲಿಯಾಗಿ ತುಂಬಿತು. ನಮ್ಮ ಬೀದಿಯಲ್ಲಂತೂ ವಯಸ್ಸಾದವರೆಲ್ಲ ಕನ್ನಡಕ ಏರಿಸಿಕೊಂಡು ಜಗಲಿಯಲ್ಲಿ ಕೂತು ಕಾಗದ ಹುಡುಕಿದ್ದೇ ಹುಡುಕಿದ್ದು.

ಆ ನೆಪದಲ್ಲಿ ಹಳೇ ಕ್ರಯಪತ್ರ ಬಿಡಿಸಿ ಓದೋ ಭಾಗ್ಯ ಸಿಕ್ತು ನೋಡಿ. ಮಡಿಕೆ ಮಡಿಕೆಯಲ್ಲೂ ಹರಿದು, ಹಿಂದೆ ಬಟ್ಟೆ ಅಂಟಿಸಿದ ಛಾಪಾ ಕಾಗದ. ಪತ್ರ ಬರಹಗಾರರ ಅಕ್ಷರ ಒಂದಕ್ಕೊಂದು ಕೈಹಿಡಿದುಕೊಂಡು ಸಾಲು ಮುಗಿಯೋವರೆಗೂ ನಡೆದಿದೆ. ಪೆನ್ನು ಎತ್ತಿದ ಗುರುತೇ ಇಲ್ಲ. ಅಂಚಿನಲ್ಲಿ ಹೆಬ್ಬೆಟ್ಟಿನ ನೀಲಿ ಗುರುತು, ಅದರ ಪಕ್ಕ ‘ಇಂಥವರ ಎಡಗೈ ಹೆಬ್ಬೆಟ್ಟು’ ಅಂತ ಬೇರೆಯವರ ಬರಹ. ಒಳಗೆ ಏನಿರುತ್ತೆ ಗೊತ್ತಾ? ಬರೀ ನೆಲ ಕೊಟ್ಟೆ ಅಂತ ಬರೆಯೋದಿಲ್ಲ ಆ ಮಹಾನುಭಾವರು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಅಂತ ಅಷ್ಟಭೋಗ ಸಹಿತ ಕೊಟ್ಟಿದ್ದೇನೆ ಅಂತ ಬರೀತಾರೆ. ಅಂದ್ರೆ ಹೂತಿಟ್ಟ ಹಣ, ನೀರು, ಕಲ್ಲು, ಮುಂದೆ ಬರೋ ಲಾಭ ಎಲ್ಲ ನಿಮ್ಮದೇ. ರಾಜರು ಊರುಗಳನ್ನು ದಾನ ಕೊಡುವಾಗ ಕಲ್ಲಿನಲ್ಲಿ ಕೆತ್ತಿಸ್ತಿದ್ದ ಮಾತು ಅದು, ನಮ್ಮ ಬೀದಿಯ ಅರವತ್ತು ನಲವತ್ತಕ್ಕೂ ಇಳಿದು ಬಂದಿದೆ. ಅಷ್ಟು ಸಣ್ಣ ಜಾಗಕ್ಕೆ ಅಷ್ಟು ದೊಡ್ಡ ಮಾತು! ಓದಿದರೆ ಖುಷಿಯಾಗುತ್ತೆ, ಅಲ್ವಾ?

ಆದರೆ ನನ್ನ ಮನಸ್ಸು ಹಿಡಿದು ನಿಲ್ಲಿಸಿದ್ದು ಅದರ ಕೆಳಗಿನ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಸ್ವತ್ತು, ದಕ್ಷಿಣಕ್ಕೆ ಕನ್ಸರ್ವೆನ್ಸಿ ಗಲ್ಲಿ, ಈ ಮಧ್ಯೆ ಇರುವುದು ಅಂತ. ನಮ್ಮ ಜಾಗ ಯಾವುದು ಅಂತ ತೋರಿಸೋಕೆ ಪಕ್ಕದವರ ಹೆಸರು ಹೇಳಲೇಬೇಕು. ಅಡಿಗೆ ಎಷ್ಟು ಅಂತ ಲೆಕ್ಕ ಹಾಕುವಾಗ ಪಕ್ಕದ ಮನೆಯವರಿಗೆ ಒಂದು ಪೈಸೆಯ ಬೆಲೆ ಇಲ್ಲ. ಪತ್ರ ಬರೆಯುವಾಗ ಮಾತ್ರ ಅವರಿಲ್ಲದೆ ಸಾಲು ಮುಂದಕ್ಕೆ ಹೋಗಲ್ಲ. ಹಿಂದಿನವರೂ ಹಾಗೇ ಮಾಡ್ತಿದ್ರು. ದತ್ತಿಯ ಶಾಸನಗಳಲ್ಲಿ ಮೂಡಲು ಇಂಥ ಹುತ್ತ, ತೆಂಕಲು ಇಂಥ ಹುಣಿಸೇಮರ, ಪಡುವಲು ಹಳ್ಳ, ಬಡಗಲು ನೆಟ್ಟ ಕಲ್ಲು ಅಂತ ಸೀಮೆ ಹೇಳ್ತಾರೆ. ಶಿವನ ಗುಡಿಯ ಜಮೀನಾದರೆ ಲಿಂಗಮುದ್ರೆಯ ಕಲ್ಲು, ವಿಷ್ಣುವಿನ ಕಡೆಯವರದಾದರೆ ವಾಮನಮುದ್ರೆಯ ಕಲ್ಲು ನೆಡ್ತಿದ್ರು. ಹುತ್ತಕ್ಕೆ, ಮರಕ್ಕೆ ಕೊಟ್ಟ ಆ ಮರ್ಯಾದೆ ಈಗ ನಮಗೂ ನಿಮಗೂ ಸಿಕ್ಕಿದೆ. ನಿಮ್ಮ ಪತ್ರದಲ್ಲಿ ನಮ್ಮ ಮನೆ ಇದೆ, ನಮ್ಮ ಪತ್ರದಲ್ಲಿ ನಿಮ್ಮ ಮನೆ ಇದೆ. ಜಗಳ ಆಡಿದರೂ ಇರುತ್ತೆ.

ಇನ್ನೊಂದು ವಿಚಿತ್ರ ಇದೆ, ಗಮನಿಸಿದ್ದೀರಾ? ಚಕ್ಕುಬಂದಿಯಲ್ಲಿ ಯಾರೂ ಸಾಯಲ್ಲ. ಉತ್ತರಕ್ಕೆ ಮೇಷ್ಟ್ರ ಮನೆ ಅಂತ ನಮ್ಮ ಪತ್ರದಲ್ಲಿದೆ. ಮೇಷ್ಟ್ರು ಹೋಗಿ ಎಷ್ಟೋ ಕಾಲವಾಯ್ತು. ಮನೆ ಮಾರಾಟವಾಗಿ, ಬಿದ್ದು, ಅಲ್ಲಿ ಈಗ ನಾಲ್ಕು ಮಹಡಿಯ ಫ್ಲ್ಯಾಟು. ಕೆಳಗೆ ಕಾರು ನಿಲ್ಲಿಸೋ ಕಂಬಗಳು, ಗೋಡೆಯಲ್ಲಿ ಸ್ಟೀಲಿನ ಹೊಳೆಯೋ ಅಕ್ಷರದ ಇಂಗ್ಲಿಷ್ ಹೆಸರು. ಆದರೂ ನಮ್ಮ ಪತ್ರದ ಪ್ರಕಾರ ಉತ್ತರ ದಿಕ್ಕಿನಲ್ಲಿ ಮೇಷ್ಟ್ರೇ ಇದ್ದಾರೆ.

ಆ ಮೇಷ್ಟ್ರ ಮನೆಗೂ ನಮಗೂ ನಡುವೆ ಇದ್ದದ್ದು ಎದೆಮಟ್ಟದ ಕಲ್ಲಿನ ಗೋಡೆ. ಮೇಲಿನ ಚಪ್ಪಡಿ ಎಷ್ಟು ನುಣುಪಾಗಿತ್ತು ಅಂದ್ರೆ, ಬಟ್ಟಲು ಇಟ್ಟರೆ ಜಾರ್ತಿತ್ತು. ಹುಳಿಗೆ ನಾಲ್ಕೆಸಳು ಕರಿಬೇವು, ಹೆಪ್ಪಿಗೆ ಒಂದು ಚಮಚ ಮೊಸರು, ಏಕಾದಶಿ ಮಾರನೇ ದಿನ ಪಾಯಸ, ಎಲ್ಲ ಆ ಗೋಡೆಯ ಮೇಲಿಂದಲೇ ದಾಟ್ತಿತ್ತು. ಬಟ್ಟಲು ಖಾಲಿ ವಾಪಸ್ ಕೊಡಬಾರದು ಅಂತ ನಮ್ಮಮ್ಮ ಅದರಲ್ಲಿ ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸೋರು. ಆ ಬಟ್ಟಲುಗಳ ತಳದಲ್ಲಿ ಹೆಸರು ಕೊರೆಸಿದ್ದು ಸುಮ್ನೆ ಅಂದುಕೊಂಡ್ರಾ? ಯಾರ ಬಟ್ಟಲು ಯಾರ ಅಡುಗೆಮನೆಯಲ್ಲಿದೆ ಅಂತ ಗೊತ್ತಾಗದಷ್ಟು ಓಡಾಟ ಇತ್ತು. ಈಗಿನ ಕಾಂಪೌಂಡು ಏಳಡಿ, ಮೇಲೆ ಗಾಜಿನ ಚೂರು. ಬಟ್ಟಲು ದಾಟಿಸೋಕೆ ಲಿಫ್ಟಿನಲ್ಲಿ ಇಳಿದು, ಗೇಟಿನಲ್ಲಿ ಸಹಿ ಹಾಕಿ, ಸುತ್ತಿ ಬರಬೇಕು. ಅಷ್ಟು ಹೊತ್ತಿಗೆ ಹುಳಿ ಆರಿರುತ್ತೆ ಬಿಡಿ.

ಎಲ್ಲಿಂದ ಎಲ್ಲಿಗೋ ಬಂದೆ. ಹೇಳ್ತಿದ್ದದ್ದು ಪತ್ರದ ವಿಷಯ. ಚಕ್ಕುಬಂದಿಯಲ್ಲಿ ಹೆಸರು ಬರೋದು ಸ್ವತ್ತಿನ ಯಜಮಾನರದು ಮಾತ್ರ. ಬಾಡಿಗೆಯವರದು ಬರಲ್ಲ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದು, ಮಕ್ಕಳ ಮದುವೆ ಅಲ್ಲೇ ಮಾಡಿದರೂ ಬರಲ್ಲ. ಅವರದು ಹನ್ನೊಂದು ತಿಂಗಳ ಕರಾರು. ಹನ್ನೊಂದೇ ಯಾಕೆ ಅಂತ ಕೇಳಿದರೆ ‘ಅದು ಹಾಗೇ ಬಂದಿದೆ’ ಅಂತಾರೆ ಜನ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯಾದರೆ ರಿಜಿಸ್ಟರ್ ಮಾಡಿಸಲೇಬೇಕು, ಖರ್ಚು ಬೀಳುತ್ತೆ, ಅದಕ್ಕೇ ಒಂದು ತಿಂಗಳು ಕಡಿಮೆ ಬರೆದು ಮತ್ತೆ ಮತ್ತೆ ಹೊಸದು ಮಾಡ್ತಾರೆ. ಇನ್ನು ಅಡ್ವಾನ್ಸು. ಬೇರೆ ಊರಿನವರು ಬೆಂಗಳೂರಿಗೆ ಬಂದು ಮೊದಲು ಬೆಚ್ಚಿಬೀಳೋದೇ ಹತ್ತು ತಿಂಗಳ ಬಾಡಿಗೆ ಮುಂಗಡ ಅಂದಾಗ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಅಂತಿದೆ. ಮಾದರಿ ಮಾದರಿಯಾಗೇ ಉಳಿಯಿತು, ಬೀದಿಯ ಪದ್ಧತಿ ಬೀದಿಯಲ್ಲಿ ನಡೀತಿದೆ. ಮನೆ ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳೋದು ಬೇರೆ.

‘ಟು ಲೆಟ್’ ಬೋರ್ಡು ನೋಡಿಕೊಂಡು ಬಂದವರನ್ನು ಕೇಳೋ ಪ್ರಶ್ನೆಗಳೂ ನಿಮಗೆ ಗೊತ್ತು. ಮದುವೆ ಆಗಿದೆಯಾ, ಊರು ಯಾವುದು, ನೀವು ಯಾವ ಪೈಕಿ, ಮೊಟ್ಟೆ ತಿಂತೀರಾ? ಕೆಲವು ಬೋರ್ಡುಗಳಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಅಂತ ಮೊದಲೇ ಬರೆದಿರ್ತಾರೆ. ಕಾಲೇಜು ಮುಗಿಸಿ ಹಾಸನದಿಂದಲೋ ಬೀದರಿನಿಂದಲೋ ಕೆಲಸಕ್ಕೆ ಅಂತ ಬಂದ ಹುಡುಗ ಬಿಸಿಲಲ್ಲಿ ಗೇಟಿಂದ ಗೇಟಿಗೆ ಅಲೆಯೋದನ್ನು ನೋಡಿದರೆ ಸಂಕಟ ಆಗುತ್ತೆ. ಪ್ಲೇಗು ಬಂದಾಗ ಪೇಟೆಯಿಂದ ಹೆದರಿ ಬಂದವರಿಗೆ ನೆಲೆ ಕೊಟ್ಟ ಬಡಾವಣೆ ಇದು. ಇಲ್ಲಿ ಒಬ್ಬ ಮನುಷ್ಯನಿಗೆ ತಲೆ ಮೇಲೊಂದು ಸೂರು ಕೊಡೋಕೆ ಜಾತಿ ಕೇಳೋದು ತಪ್ಪು. ಇದನ್ನು ಹರಟೆಯಲ್ಲಿ ಹೇಳಿದರೂ ಗಟ್ಟಿಯಾಗೇ ಹೇಳ್ತೀನಿ.

ಚಕ್ಕುಬಂದಿಯಲ್ಲಿ ಬರದ ಇನ್ನೊಂದು ಥರದ ಜನ ಇದ್ದಾರೆ. ಅವರನ್ನು ಮರೆತರೆ ದೇವರು ಮೆಚ್ಚಲ್ಲ. ಹಳೇ ಮನೆ ಬಿದ್ದ ವಾರದಲ್ಲೇ ಖಾಲಿ ಸೈಟಿನ ಮೂಲೆಯಲ್ಲಿ ನಾಲ್ಕು ತಗಡಿನ ಶೀಟು ನಿಲ್ಲುತ್ತಲ್ಲ, ಅದರೊಳಗೆ ಬಂದು ಸೇರೋ ವಾಚ್‌ಮನ್ ಸಂಸಾರ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರೇ ಹೆಚ್ಚು. ಮೇಷ್ಟ್ರ ಮನೆ ಇದ್ದ ಜಾಗಕ್ಕೂ ಒಂದು ಸಂಸಾರ ಬಂದಿತ್ತು. ಸಂಜೆ ಐದಾಯ್ತು ಅಂದ್ರೆ ಆ ಕಡೆಯಿಂದ ಪಟ ಪಟ ಪಟ ಅಂತ ಸದ್ದು. ಆ ಸಂಸಾರದ ಹೆಣ್ಣುಮಗಳು ಮೂರು ಸಾಲಿಡ್ ಬ್ಲಾಕು ಜೋಡಿಸಿ ಒಲೆ ಮಾಡಿಕೊಂಡು, ಸೆಂಟ್ರಿಂಗಿನ ಹಲಗೆ ಚೂರು ಉರಿಸಿ ಜೋಳದ ರೊಟ್ಟಿ ಬಡೀತಿದ್ಲು. ಕೈ ಎಷ್ಟು ಹಗುರ ಅಂತೀರಿ! ಹಿಟ್ಟಿನ ಉಂಡೆ ನೋಡ್ತಾ ನೋಡ್ತಾ ಅಗಲವಾಗಿ, ಅಂಚಿನಿಂದ ಸ್ವಲ್ಪವೂ ಸೀಳದೆ, ಒಂದೇ ಸಲಕ್ಕೆ ಹಂಚಿಗೆ ಬೀಳ್ತಿತ್ತು. ಆಮೇಲೆ ಒದ್ದೆ ಬಟ್ಟೆಯಲ್ಲಿ ಮೇಲೆ ನೀರು ಸವರಿ ತಿರುವೋದು. ಎದುರುಮನೆ ಅಜ್ಜಿ ಒಂದಿನ ಅವಳಿಗೆ ಹುಣಿಸೇಗೊಜ್ಜು ಕಳಿಸಿದ್ರು. ಮಾರನೇ ದಿನ ಅದೇ ಬಟ್ಟಲಲ್ಲಿ ಶೇಂಗಾ ಚಟ್ನಿಪುಡಿ ಬಂತು. ‘ಖಾಲಿ ಹ್ಯಾಂಗ್ ಕೊಡ್ಲಿರೀ ಅಮ್ಮಾರೆ’ ಅಂದಳಂತೆ. ನಮ್ಮ ಬೀದಿಯಲ್ಲಿ ಮರೆತುಹೋಗ್ತಿದ್ದ ಪದ್ಧತಿಯನ್ನು ಆರುನೂರು ಕಿಲೋಮೀಟರು ದೂರದಿಂದ ಬಂದವಳು ಹೇಳದೇ ನಡೆಸಿಕೊಟ್ಟಳು, ನೋಡಿ.

ಕಟ್ಟಡ ಮೇಲೇಳ್ತಾ ಹೋದಂತೆ ಅದರ ಮುಂಭಾಗಕ್ಕೆ ದೃಷ್ಟಿಬೊಂಬೆ ಬಂತು. ಕೋರೆಹಲ್ಲು, ಕೆಂಪು ನಾಲಿಗೆ, ಕೆಳಗೆ ಬೂದುಗುಂಬಳಕಾಯಿ. ಆ ವಾಚ್‌ಮನ್ ಸಂಸಾರದ ಮಗುವಿಗೆ ಬೊಂಬೆ ಅಂದ್ರೆ ಹೆದರಿಕೆಯೇ ಇಲ್ಲ, ದಿನಾ ಅದಕ್ಕೊಂದು ಹೂವು ಇಟ್ಟು ಬರ್ತಿತ್ತು. ವಾಸ್ತುವಿಗೆ ಅಂತ ಸಂಪಿನ ಜಾಗ ಈಶಾನ್ಯಕ್ಕೆ ಸರಿಯಿತು, ರಸ್ತೆ ಕುತ್ತು ಅಂತ ಕಾಂಪೌಂಡಿನಲ್ಲಿ ಸಣ್ಣ ಗಣಪನ ಗೂಡು ಎದ್ದಿತು. ಇಷ್ಟೆಲ್ಲ ಶಾಸ್ತ್ರ ಮಾಡಿದ ಮೇಲೆ ಗೃಹಪ್ರವೇಶ. ಹಸು ಹತ್ತಿಸಿದ್ದೇನು, ಹಾಲು ಉಕ್ಕಿಸಿದ್ದೇನು. ಆ ಹೊತ್ತಿಗೆ ಶೀಟಿನ ಮನೆ ಬಿಚ್ಚಿ ಟೆಂಪೋಗೆ ತುಂಬಿ ಆಗಿತ್ತು. ಆ ಸಂಸಾರ ಇನ್ಯಾವುದೋ ಬಡಾವಣೆಯ ಖಾಲಿ ಸೈಟಿಗೆ ಹೋಯ್ತು. ಆ ಕಟ್ಟಡದ ಪ್ರತಿ ಗೋಡೆಗೂ ನೀರು ಹಾಕಿ ಕ್ಯೂರಿಂಗ್ ಮಾಡಿದವರು ಅವರು. ಇ-ಖಾತೆಯಲ್ಲಿ, ಚಕ್ಕುಬಂದಿಯಲ್ಲಿ, ಫ್ಲ್ಯಾಟಿನ ವಾಟ್ಸಾಪ್ ಗುಂಪಿನಲ್ಲಿ, ಎಲ್ಲೂ ಅವರ ಹೆಸರಿಲ್ಲ.

ನೀರಿನ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡ್ತೀನಿ. ಚಕ್ಕುಬಂದಿ ನೆಲದ ಮೇಲೆ ಮಾತ್ರ. ಕೆಳಗೆ ಇಲ್ಲ. ಒಬ್ಬರು ಬೋರ್ ಇನ್ನಷ್ಟು ಆಳಕ್ಕೆ ಕೊರೆಸಿದರೆ ಪಕ್ಕದ ಮನೆಯ ಬೋರ್ ಕೆಮ್ಮೋಕೆ ಶುರು. 1974ರಲ್ಲಿ ಕಾವೇರಿ ಈ ಊರಿಗೆ ಬಂದಳು, 2024ರಲ್ಲಿ ಐದನೇ ಹಂತವೂ ಆಯ್ತು. ಆದರೂ ಬೇಸಿಗೆಯಲ್ಲಿ ಟ್ಯಾಂಕರ್ ಹಾರ್ನು ನಿಂತಿಲ್ಲ. ಅರವತ್ತು ನಲವತ್ತರ ಹಳೇ ಮನೆಗೂ, ಮೂವತ್ತು ನಲವತ್ತರ ಹೊಸ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನು ಮಾಡಿದ್ರು. ಎಷ್ಟು ಮನೆಯಲ್ಲಿ ಪೈಪು ಇಂಗುಗುಂಡಿಗೆ ಹೋಗಿದೆ, ಎಷ್ಟರಲ್ಲಿ ಮೋರಿಗೆ ಹೋಗಿದೆ ಅಂತ ಮಳೆ ಬಂದ ದಿನ ಛತ್ರಿ ಹಿಡಿದು ಒಂದು ಸುತ್ತು ಹಾಕಿದರೆ ಕಾಣುತ್ತೆ. ನಮ್ಮ ತಾರಸಿಯ ನೀರು ಇಂಗಿದರೆ ನಿಮ್ಮ ಬೋರಿಗೂ ಅದರ ಪಾಲು ಬರುತ್ತೆ. ಸೆಟ್‌ಬ್ಯಾಕಿನದೂ ಅದೇ ಕಥೆ. ನಾವು ಬಿಡಬೇಕಾದ ಮೂರಡಿ ಬಿಡದೆ ಕಟ್ಟಿದರೆ ನಿಮ್ಮ ಅಡುಗೆಮನೆ ಹಗಲಲ್ಲೂ ಲೈಟು ಹಾಕಿಕೊಳ್ಳುತ್ತೆ. ಮುಂದೆ ಅಕ್ರಮ-ಸಕ್ರಮದಲ್ಲಿ ದಂಡ ಕಟ್ಟಿದರಾಯ್ತು ಅಂತ ಎಷ್ಟೋ ಜನ ನೆಚ್ಚಿಕೊಂಡಿದ್ದರು. ಆ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತಡೆ ಕೊಟ್ಟಿತು. ಕಟ್ಟಿದ್ದು ಹಾಗೇ ನಿಂತಿದೆ, ಪಕ್ಕದ ಮನೆಯ ಬೆಳಕು ಮಾತ್ರ ವಾಪಸ್ ಬರಲಿಲ್ಲ.

ಮನೆ ಮಾರಬಾರದು, ಕೆಡವಬಾರದು ಅಂತ ನಾನು ಹೇಳೋದಿಲ್ಲ. ವಯಸ್ಸಾದ ಇಬ್ಬರು ಅಷ್ಟು ದೊಡ್ಡ ಹೆಂಚಿನ ಮನೆಯಲ್ಲಿ ಸೋರೋ ಸೂರು ನೋಡಿಕೊಂಡು ಕೂರೋಕಾಗುತ್ತಾ? ಮೆಟ್ಟಿಲಿಲ್ಲದೆ ಲಿಫ್ಟಿನಲ್ಲಿ ಹೋಗೋ ಮನೆ ಅವರಿಗೂ ಬೇಕು. ಮಕ್ಕಳಿಗೆ ಪಾಲು ಕೊಡಬೇಕು, ಆಸ್ಪತ್ರೆ ಖರ್ಚಿದೆ. ಊರು ಬೆಳೆದ ಮೇಲೆ ಮನೆಗಳೂ ಬೆಳೆಯುತ್ತವೆ. ನಾನು ಕೇಳೋದು ಇಷ್ಟೇ. ಸೈಟು ಕೊಳ್ಳೋ ಮುಂಚೆ ಇ.ಸಿ. ತೆಗೆಸ್ತೀರಿ, ವಕೀಲರಿಗೆ ತೋರಿಸ್ತೀರಿ, ವಾಸ್ತು ಕೇಳ್ತೀರಿ. ಜೊತೆಗೆ ಚಕ್ಕುಬಂದಿಯಲ್ಲಿರೋ ಮನೆಗಳಿಗೂ ಹೋಗಿ, ‘ನಾವು ನಿಮ್ಮ ಪಕ್ಕಕ್ಕೆ ಬರ್ತಿದ್ದೀವಿ’ ಅಂತ ಹೇಳಿ ಬನ್ನಿ. ಯಾವ ಕಡೆ ನೀರು ನಿಲ್ಲುತ್ತೆ, ಯಾವ ಗೋಡೆ ಯಾರದು ಅಂತ ವಕೀಲರಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತೆ. ಕಟ್ಟುವಾಗ ಸೆಟ್‌ಬ್ಯಾಕ್ ಬಿಡಿ, ಇಂಗುಗುಂಡಿ ತೋಡಿಸಿ, ಗೇಟಿನ ಪಕ್ಕದ ಮರ ಉಳಿಯೋ ಹಾಗೆ ನಕ್ಷೆ ಮಾಡಿಸಿ. ಕೆಲಸ ಶುರುವಾದ ದಿನವೇ ವಾಚ್‌ಮನ್ ಸಂಸಾರಕ್ಕೆ ಕುಡಿಯೋ ನೀರು, ಬಾಗಿಲಿರೋ ಒಂದು ಪಾಯಖಾನೆ, ಮಗುವಿಗೆ ಹತ್ತಿರದ ಸರ್ಕಾರಿ ಶಾಲೆಯ ಸೇರ್ಪಡೆ, ಈ ಮೂರು ಮಾಡಿಸಿಕೊಡಿ. ಬಾಡಿಗೆಗೆ ಬಂದವರ ಜಾತಿ ಕೇಳಬೇಡಿ. ಗೃಹಪ್ರವೇಶದ ಕಾರ್ಡು ಮೊದಲು ಅಕ್ಕಪಕ್ಕದ ಮನೆಗೆ ಕೊಡಿ, ಆಮೇಲೆ ಬೀಗರಿಗೆ ಕಳಿಸಿ. ನಾಳೆ ರಾತ್ರಿ ಎದೆನೋವು ಅಂದಾಗ ಬೀಗರು ಊರಿಂದ ಬರೋಷ್ಟರಲ್ಲಿ ಆಂಬುಲೆನ್ಸಿಗೆ ಫೋನ್ ಮಾಡಿ ಗೇಟು ತೆಗೆದು ನಿಲ್ಲೋರು ಪಕ್ಕದ ಮನೆಯವರೇ.